ವೇಷ್ಟನವಿಚಾರ: ಬರಿದಾದ ಚೀಲದ ಗತಿ

ಮಾರುವ ಪದಾರ್ಥಗಳನ್ನು ತುಂಬತಕ್ಕ ಚೀಲ, ಪೊಟ್ಟಣ, ಸೀಸೆ, ರಟ್ಟಿನ ಪೆಟ್ಟಿಗೆ ಮುಂತಾದವನ್ನೆಲ್ಲ ಈ ಲೇಖನದಲ್ಲಿ ‘ವೇಷ್ಟನ’ವೆಂಬ ಒಂದೇ ಹೆಸರಿನಿಂದ ಕರೆಯುವೆನು. ಇದನ್ನು ರಚಿಸುವವರು ಸಾಮಾನ್ಯವಾಗಿ ತುಂಬಿದ ಸ್ಥಿತಿಯನ್ನು ಮಾತ್ರ ಲಕ್ಷಿಸುತ್ತಾರೆ. ಪದಾರ್ಥವು ಸೋರಬಾರದು, ಹುಳು ಹತ್ತಬಾರದು, ಕೊಳ್ಳುವವನ ಕಣ್ಣಿಗೆ ಚೆಲುವಾಗಿ ಕಾಣಬೇಕು. ಇಷ್ಟಕ್ಕೆ ಅವರ ವಿಚಾರವು ಮುಗಿಯುವುದು. ಬರಿದಾದ ಬಳಿಕ ಅದರ ಗತಿಯೇನೆಂಬುದನ್ನು ರಚನಾಕಾಲದಲ್ಲಿಯೇ ನಿರ್ಣಯಿಸದಿದ್ದರೆ, ಆಮೇಲೆ ಮಾಡುವ ಉಪದೇಶವೆಲ್ಲ ನಿಷ್ಫಲವೆಂದು ನನಗೆ ತೋರುತ್ತದೆ. ಧಾರವಾಡ ಜಿಲ್ಲೆಯ ಹಳ್ಳಿಗಳ ದೃಷ್ಟಾಂತದಿಂದ ಇದನ್ನು ವಿವರಿಸುವೆನು.

ಗೋಣಿಯೆಂಬ ಶಬ್ದವು ಬಹು ಪ್ರಾಚೀನವಾದದ್ದು. ಪಾಣಿನಿಯು ಅದನ್ನು ‘ಆವಪನ’, ಎಂದರೆ ಧಾನ್ಯ ತುಂಬುವ ಸಾಧನ, ಎಂಬ ಅರ್ಥದಲ್ಲಿ ಸಾಧಿಸಿದ್ದಾನೆ. ಐದು ಗೋಣಿ ಕೊಟ್ಟು ಕೊಂಡ ವಸ್ತ್ರವು ‘ಪಂಚಗೋಣಿ’ಯೆಂದು ವೃತ್ತಿಕಾರರ ಉದಾಹರಣೆ. ಇಂಗ್ಲಿಷರ ‘ಗನ್ನಿ’ಯೂ ಇದರಿಂದಲೇ ಹುಟ್ಟಿತು. ವ್ಯಾಕರಣದ ಈ ಚಾಪಲ್ಯವನ್ನು ವಾಚಕರು ಮನ್ನಿಸಬೇಕು. ನವಲಗುಂದ, ಅಣ್ಣಿಗೇರಿಗಳ ಎರೆಯ ಸೀಮೆಯಲ್ಲಿ ಹೆಸರು, ಕಡಲೆಗಳನ್ನು ತುಂಬಿದ ತಟ್ಟಿನ ಚೀಲದ ಬಾಯನ್ನು ದಬ್ಬಣ ಸುತಳಿಗಳಿಂದ ಹೊಲಿಯುವರು. ಹೊಲಿಗೆಯನ್ನು ಬಿಚ್ಚಿದರೆ ಚೀಲಕ್ಕೆ ಗಾಯವಿಲ್ಲ, ಸುತಳಿಯೂ ಉಳಿಯುವುದು. ಅದೇ ಚೀಲವನ್ನು ಮತ್ತೆ ಮತ್ತೆ ತುಂಬಬಹುದು. ಹರಿದರೆ ತೇಪೆ ಹಾಕುವರು; ತೇಪೆಗೂ ಮೀರಿದರೆ ಅದು ಮಳೆಗಾಲದ ಕೊಪ್ಪೆಯಾಗಿ, ಬಾಗಿಲ ಮುಂದಿನ ಕಾಲೊರಸಾಗಿ, ಕಡೆಗೆ ತಿಪ್ಪೆಯನ್ನು ಸೇರಿ ಗೊಬ್ಬರವಾಗುವುದು. ಕಲಘಟಗಿಯ ಅಡವಿಯ ಅಂಚಿನಲ್ಲಿ ಮುತ್ತಲ ಎಲೆಗಳಿಂದ ಕಟ್ಟುವ ಪತ್ರಾವಳಿಯೂ ಇಂತಹದೇ. ಎಲೆ ಸಸ್ಯಜನ್ಯ, ಚುಚ್ಚಿದ ಕಡ್ಡಿಯೂ ಸಸ್ಯಜನ್ಯ.

ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ದ್ರವ್ಯಶುದ್ಧಿಯ ಪ್ರಕರಣವೊಂದಿದೆ. ಲೋಹದ ಪಾತ್ರಕ್ಕೆ ಬೂದಿ, ನೀರು, ಮಣ್ಣು. ಮಣ್ಣಿನ ಪಾತ್ರಕ್ಕೆ ಪುನಃಪಾಕ, ಎಂದರೆ ಮರಳಿ ಸುಡುವುದು. ಆಚಾರದ ಮಾತು ಹಾಗಿರಲಿ. ಆಯಾ ದ್ರವ್ಯಕ್ಕೆ ಅದರದೇ ಆದ ಸಂಸ್ಕಾರ, ಆದಕಾರಣ ದ್ರವ್ಯಜ್ಞಾನವು ಮೊದಲು, ಎಂಬ ನ್ಯಾಯವು ಇಲ್ಲಿ ಗ್ರಾಹ್ಯವು. ಕರಗಿಸಿ ಹೊಸದು ಮಾಡುವ ಇಂದಿನ ವಿಧಾನಕ್ಕೂ ‘ಪುನಃಪಾಕ’ವೆಂಬ ಹೆಸರು ಒಪ್ಪುವುದು. ಕುರುಕಲು ತಿಂಡಿಯ ಹೊಳೆಯುವ ಪೊಟ್ಟಣವನ್ನು ನೋಡಿರಿ. ಪ್ಲಾಸ್ಟಿಕ್ಕಿನ ಪದರಗಳೂ ಅಲ್ಯುಮಿನಿಯಮ್ಮಿನ ತೆಳು ಲೇಪವೂ ಅದರಲ್ಲಿ ಬಿಡಿಸಲಾರದಂತೆ ಕೂಡಿವೆ. ಪ್ರತ್ಯೇಕವಾಗಿದ್ದರೆ ಎರಡಕ್ಕೂ ಪುನಃಪಾಕವುಂಟು. ಕೂಡಿದುದರಿಂದ ಎರಡಕ್ಕೂ ದುರ್ಲಭ. ಹಳ್ಳಿಗೆ ಮೋಡಕಾ ಕೊಳ್ಳಲು ಬರುವವನು ಕಬ್ಬಿಣ, ರಟ್ಟು, ಬಾಟಲಿಗಳನ್ನು ತೂಗಿಕೊಂಡು ಪೊಟ್ಟಣವನ್ನು ಅಲ್ಲಿಯೇ ಬಿಟ್ಟುಹೋಗುವುದು ಇದರಿಂದಲೇ. ಅದು ತಿಪ್ಪೆಯನ್ನು ಸೇರಿ, ಗೊಬ್ಬರದೊಡನೆ ಹೊಲಕ್ಕೆ ಹೋಗುವುದು. ಇಲ್ಲವೆ ಮಳೆಯಲ್ಲಿ ಬೆಣ್ಣಿಹಳ್ಳದ ಮಾರ್ಗವಾಗಿ ಮಲಪ್ರಭೆಗೆ.

ಹತ್ತಿಯ ವಿಷಯದಲ್ಲಿ ಹಾನಿಯು ಇನ್ನೂ ಸೂಕ್ಷ್ಮವಾದದ್ದು. ಬಿಡಿಸಿದ ಹತ್ತಿಯನ್ನು ಹಳೆಯ ರಸಗೊಬ್ಬರದ ಚೀಲದಲ್ಲಿ ತುಂಬುವವರುಂಟು. ಪಾಲಿಪ್ರೊಪಿಲೀನಿನ ಆ ಚೀಲವು ಬಿಸಿಲಿಗೆ ಜೀರ್ಣವಾಗಿ ಎಳೆಎಳೆಯಾಗಿ ಉದುರಿ ಅರಳೆಯಲ್ಲಿ ಸೇರುವುದು. ನೂಲುವಾಗ ಕಾಣದಿದ್ದರೂ, ಆ ಎಳೆಗೆ ಬಣ್ಣ ಹತ್ತದ ಕಾರಣ ಬಟ್ಟೆಗೆ ಬಣ್ಣವಿಟ್ಟ ಮೇಲೆ ಬಯಲಾಗುವುದು. ಇಂತಹ ಅರಳೆಗೆ ಬೆಲೆ ಇಳಿಯುವುದು ಸಹಜ. ಹಾಗೆಂದು ಸಣಬನ್ನು ಹೊಗಳುವಂತಿಲ್ಲ. ಅದರ ನಾರೂ ಹತ್ತಿಗೆ ಕಶ್ಮಲವೇ. ಹತ್ತಿಗೆ ಹತ್ತಿಯ ಬಟ್ಟೆಯೇ ಯೋಗ್ಯ ವೇಷ್ಟನ. ಅದರ ಎಳೆಯು ಬೆರೆತರೂ ಹತ್ತಿಯೇ.

ಇನ್ನು ತೆರೆಯುವ ಬಗೆ. ಯಂತ್ರದಿಂದ ಹೊಲಿದ ಚೀಲಗಳ ಸರಪಣಿ ಹೊಲಿಗೆಯು ಒಂದು ಕೊನೆಯಿಂದ ಎಳೆದರೆ ಒಮ್ಮೆಲೇ ಬಿಚ್ಚುವುದು, ಇನ್ನೊಂದು ಕೊನೆಯಿಂದ ಬಿಗಿಯುವುದು. ಯಾವ ಕೊನೆಯೆಂದು ತಿಳಿಯದೆ ಜನರು ಕುಡುಗೋಲಿನಿಂದ ಬಾಯನ್ನು ಕೊಯ್ಯುತ್ತಾರೆ. ಗಟ್ಟಿ ಚೀಲವು ಅಂದಿಗೇ ಕೆಟ್ಟಿತು. ಆ ಕೊನೆಗೆ ಕೆಂಪು ದಾರದ ಗುರುತೊಂದನ್ನಿಟ್ಟರೆ ಸಾಕಾಗಿತ್ತು.

ದ್ರವ್ಯವನ್ನು ಗುರುತಿಸಲು 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮಿಗಳ ಸಂಘವು 1ರಿಂದ 7ರವರೆಗಿನ ಅಂಕಗಳನ್ನು ಏರ್ಪಡಿಸಿತು. ಬಾಣಗಳ ತ್ರಿಕೋನದೊಳಗೆ ಅಚ್ಚಾದ 5 ಪಾಲಿಪ್ರೊಪಿಲೀನಿಗೆ. 7 ‘ಇತರ’ಕ್ಕೆ, ಅದರಲ್ಲಿ ಮಿಶ್ರವೂ ಸೇರಿದೆ. ಅಂಕವು ಜಾತಿಯನ್ನು ಹೇಳುವುದೇ ಹೊರತು ಪುನಃಪಾಕವಾಗುವುದೆಂಬ ಅಭಯವನ್ನು ಕೊಡುವುದಿಲ್ಲ. ಈ ಭ್ರಮೆಯು ಬಹಳ ಜನರಲ್ಲಿದೆ.

ದ್ರವ್ಯ ಒಂದೇ ಆಗಿ, ಗುರುತೂ ಇದ್ದು, ಮರಳಿ ತಂದುಕೊಡಲು ಕಾರಣವಿಲ್ಲದಿದ್ದರೆ ಫಲವೇನು? 2022ರಲ್ಲಿ ನೀಲಗಿರಿ ಜಿಲ್ಲೆಯ ಸರಕಾರೀ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ತೆಗೆದುಕೊಂಡು, ಖಾಲಿ ಬಾಟಲಿಯನ್ನು ಒಪ್ಪಿಸಿದಾಗ ಹಿಂದಿರುಗಿಸುವ ಪದ್ಧತಿಯನ್ನು ಆರಂಭಿಸಿದರು. ಅಡವಿಯಲ್ಲಿ ಒಡೆದ ಗಾಜು ಪ್ರಾಣಿಗಳ ಕಾಲಿಗೆ ನೆಡುತ್ತಿದ್ದುದೇ ನಿಮಿತ್ತ. ಉದಾಹರಣೆಯು ಮದ್ಯದ್ದಾದರೂ ಯುಕ್ತಿಯು ಅನಿಂದ್ಯವು. ಕುಂದಗೋಳದ ಗೊಬ್ಬರದಂಗಡಿಯಲ್ಲಿ ಚೀಲಕ್ಕೂ ಇದನ್ನು ಅನ್ವಯಿಸಲು ಅಡ್ಡಿಯಿಲ್ಲ. ಕೀಟನಾಶಕದ ಡಬ್ಬಿ ಮಾತ್ರ ಅಪವಾದ: ಅದನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಣೆಯ ದ್ರಾವಣಕ್ಕೇ ಬೆರೆಸಿ, ಡಬ್ಬಿಗೆ ತೂತು ಮಾಡಿ ಒಪ್ಪಿಸತಕ್ಕದ್ದು, ಅದರಲ್ಲಿ ಕುಡಿಯುವ ನೀರನ್ನು ಎಂದಿಗೂ ತುಂಬಕೂಡದು.