ಲಾರಿಯ ಗಿಯರು ಯಾರ ಕೈಯಲ್ಲಿರಬೇಕು?

ಮಂಗಳೂರಿನ ಕೊಟ್ಟಾರ ಚೌಕಿಯ ಬಳಿ ಸ್ವಲ್ಪ ಹೊತ್ತು ನಿಂತವರಿಗೆ ಲಾರಿಗಳ ಭಾಷೆ ತಾನಾಗಿಯೇ ಅರ್ಥವಾಗತೊಡಗುತ್ತದೆ. ಪಣಂಬೂರಿನ ಬಂದರಿನಿಂದ ಸರಕು ಹೇರಿಕೊಂಡು ಹೊರಟ ವಾಹನಗಳು ಕೂಳೂರಿನ ಸೇತುವೆಯನ್ನು ದಾಟಿ, ಕೊಟ್ಟಾರವನ್ನು ಹಾದು, ಕುಂಟಿಕಾನ, ನಂತೂರುಗಳ ಮಾರ್ಗವಾಗಿ ಘಟ್ಟದ ಕಡೆಗೆ ಸಾಗುತ್ತವೆ. ಏರು ಬಂದೊಡನೆ ಇಂಜಿನಿನ ದನಿ ಭಾರವಾಗುತ್ತದೆ. ಒಂದು ಕ್ಷಣ ಕುಗ್ಗುತ್ತದೆ. ಮರುಕ್ಷಣವೇ ಹೊಸ ಶ್ರುತಿಯಲ್ಲಿ ಮೇಲೇಳುತ್ತದೆ. ಆ ಒಂದು ಕ್ಷಣದಲ್ಲಿ ಚಾಲಕನ ಎಡಗಾಲು ಕ್ಲಚ್ಚನ್ನು ಒತ್ತಿ, ಎಡಗೈ ಗಿಯರನ್ನು ಬದಲಿಸಿ ಮುಗಿಸಿರುತ್ತದೆ.

ಮಂಗಳೂರಿಗರಿಗೆ ‘ಗೇರು’ ಎಂದರೆ ಮೊದಲು ನೆನಪಾಗುವುದು ಬೀಜ ಕೊಡುವ ಮರ. ಲಾರಿಯ ಗಿಯರಾದರೋ ಹಲ್ಲುಚಕ್ರಗಳ ಒಂದು ಪೆಟ್ಟಿಗೆ. ಆ ಪೆಟ್ಟಿಗೆಯನ್ನು ಮನುಷ್ಯನ ಕೈಗೆ ಒಪ್ಪಿಸಬೇಕೇ, ಯಂತ್ರಕ್ಕೇ ಬಿಟ್ಟುಬಿಡಬೇಕೇ ಎಂಬ ವಿವಾದ ಸುಮಾರು ಎಂಬತ್ತೈದು ವರ್ಷಗಳಷ್ಟು ಹಳೆಯದು. ಹಳೆಯ ಲಾರಿಯೊಂದರಿಂದ ಸ್ವಯಂಚಾಲಿತ ಗಿಯರನ್ನು ಕಿತ್ತು ಕೈಗಿಯರನ್ನು ಜೋಡಿಸುವ ಕೆಲಸ ಅಮೆರಿಕದ ಗ್ಯಾರೇಜುಗಳಲ್ಲಿ ಇಂದಿಗೂ ನಡೆಯುತ್ತದೆ. ಮುಂದೆ ಹೋಗುವ ವಿದ್ಯೆಯನ್ನು ಬಿಟ್ಟು ಹಿಂದಕ್ಕೆ ಹೋಗುವುದೇಕೆ ಎಂದು ಕೇಳುವವರಿಗೆ ಘಟ್ಟದ ರಸ್ತೆಯೇ ಉತ್ತರ ಹೇಳಬಲ್ಲದು.

ಒಬ್ಬನದೇ ಎರಡು ಸಾಧನೆಗಳು

ಮೋಟಾರು ವಾಹನದ ಮೊದಲ ದಿನಗಳಲ್ಲಿ ಗಿಯರು ಬದಲಿಸುವುದು ಸುಲಭದ ಮಾತಾಗಿರಲಿಲ್ಲ. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಹಲ್ಲುಚಕ್ರಗಳನ್ನು ಒಂದರೊಳಗೊಂದು ಹೊಂದಿಸಬೇಕು. ವೇಗ ಸರಿಹೋಗದಿದ್ದರೆ ಕರಕರನೆ ಹಲ್ಲು ಕಡಿಯುವ ಸದ್ದು. ಕ್ಲಚ್ಚನ್ನು ಎರಡು ಬಾರಿ ಒತ್ತುವ ‘ಡಬಲ್ ಕ್ಲಚ್’ ಪದ್ಧತಿ ಹುಟ್ಟಿದ್ದು ಈ ಕಷ್ಟದಿಂದಲೇ.

ಅಮೆರಿಕದ ಅರ್ಲ್ ಥಾಂಪ್ಸನ್ ಎಂಬ ಇಂಜಿನಿಯರು ಇದಕ್ಕೊಂದು ಪರಿಹಾರ ಕಂಡುಕೊಂಡ. ಹಲ್ಲುಗಳು ಕೂಡುವ ಮುನ್ನವೇ ಅವುಗಳ ವೇಗವನ್ನು ಸಮಮಾಡುವ ‘ಸಿಂಕ್ರೋಮೆಷ್’ ಎಂಬ ಏರ್ಪಾಡನ್ನು ಅವನು ರೂಪಿಸಿದ. 1928ರಲ್ಲಿ ಅದು ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಆದರೆ ಅಷ್ಟಕ್ಕೆ ಅವನು ಸುಮ್ಮನಾಗಲಿಲ್ಲ. ಗಿಯರು ಬದಲಿಸುವ ಕಷ್ಟವನ್ನು ಕಡಿಮೆಮಾಡಿದವನು ಆ ಕೆಲಸವನ್ನೇ ಇಲ್ಲವಾಗಿಸಲು ಹೊರಟ. ಅವನ ನೇತೃತ್ವದ ತಂಡ ‘ಹೈಡ್ರಾಮ್ಯಾಟಿಕ್’ ಎಂಬ ಸ್ವಯಂಚಾಲಿತ ಗಿಯರನ್ನು ಸಿದ್ಧಪಡಿಸಿತು. ಜನರಲ್ ಮೋಟಾರ್ಸ್ ಕಂಪೆನಿ 1939ರಲ್ಲಿ ಅದನ್ನು ಓಲ್ಡ್ಸ್‌ಮೊಬೀಲ್ ಕಾರುಗಳೊಡನೆ ಮಾರುಕಟ್ಟೆಗೆ ತಂದಿತು. ಕೈಗಿಯರನ್ನು ಪಳಗಿಸಿದವನೂ ಅದನ್ನು ಬೇಡವೆನಿಸಿದವನೂ ಒಬ್ಬನೇ ಎಂಬುದು ಯಂತ್ರಗಳ ಚರಿತ್ರೆಯ ಒಂದು ವಿನೋದ.

ಸೈನ್ಯದ ಎರಡು ಲಾರಿಗಳು

ಕಾರಿನಲ್ಲಿ ಗೆದ್ದ ಸಾಧನವನ್ನು ಲಾರಿಗೂ ಹಾಕಿ ನೋಡುವ ಆಸೆ ಸಹಜವೇ. 1950ರ ದಶಕದ ಆರಂಭದಲ್ಲಿ ಅಮೆರಿಕದ ಸೈನ್ಯಕ್ಕೆ ಎರಡೂವರೆ ಟನ್ನಿನ ಎರಡು ಬಗೆಯ ಲಾರಿಗಳು ಸೇರಿದವು. ಜಿ.ಎಂ.ಸಿ.ಯ ಎಂ-211 ಮಾದರಿಗೆ ಹೈಡ್ರಾಮ್ಯಾಟಿಕ್ ಗಿಯರು; ರಿಯೋ ಕಂಪೆನಿಯ ಎಂ-35 ಮಾದರಿಗೆ ಐದು ವೇಗಗಳ ಕೈಗಿಯರು. ಕೊನೆಗೆ ಸೈನ್ಯದಲ್ಲಿ ದಶಕಗಳ ಕಾಲ ನೆಲೆನಿಂತದ್ದು ಕೈಗಿಯರಿನ ಎಂ-35. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1990ರ ದಶಕದಲ್ಲಿ ಅದೇ ಎಂ-35 ಲಾರಿಗಳನ್ನು ನವೀಕರಿಸುವಾಗ ಅವಕ್ಕೆ ಸ್ವಯಂಚಾಲಿತ ಗಿಯರನ್ನು ಅಳವಡಿಸಿದರು! ಯಾವುದು ಮೇಲು ಎಂಬ ಪ್ರಶ್ನೆಗೆ ಕಾಲ, ಕೆಲಸ, ದಾರಿ ಈ ಮೂರನ್ನೂ ನೋಡಿಯೇ ಉತ್ತರ ಹೇಳಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಭಾರತದ ರಸ್ತೆಗಳ ಕಥೆ ಬೇರೆ. ಟಾಟಾ ಸಂಸ್ಥೆ 1954ರಲ್ಲಿ ಡೈಮ್ಲರ್-ಬೆಂಜ್ ಸಹಯೋಗದೊಡನೆ ತಯಾರಿಸತೊಡಗಿದ ಲಾರಿಗಳು, ಅಶೋಕ್ ಲೇಲ್ಯಾಂಡ್, ಬೆಡ್‌ಫೋರ್ಡ್, ಫಾರ್ಗೋಗಳು ಎಲ್ಲವೂ ಕೈಗಿಯರಿನವೇ. ಆದುದರಿಂದ ಇಲ್ಲಿಯ ಮೇಸ್ತ್ರಿಗಳ ಚಾತುರ್ಯ ಹರಿದದ್ದು ಬೇರೆ ಮಾರ್ಪಾಡುಗಳ ಕಡೆಗೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ದೇಶದ ಅನೇಕ ಕಡೆ ಬಸ್ಸುಗಳ ಹಿಂಬದಿಗೆ ಇದ್ದಿಲಿನ ಒಲೆಯನ್ನು ಕಟ್ಟಿ, ಅದರ ಗ್ಯಾಸಿನಿಂದ ಇಂಜಿನನ್ನು ಓಡಿಸಿದರು. ಗ್ಯಾಸಿನಲ್ಲಿ ಪೆಟ್ರೋಲಿನಷ್ಟು ಶಕ್ತಿ ಹುಟ್ಟದು. ಸಣ್ಣ ಏರಿಗೂ ಚಾಲಕ ಗಿಯರನ್ನು ಇಳಿಸಲೇಬೇಕಾಗುತ್ತಿತ್ತು. ಯುದ್ಧಾನಂತರ ಪೆಟ್ರೋಲ್ ಲಾರಿಗಳಿಗೆ ಡೀಸೆಲ್ ಇಂಜಿನು ಕೂಡಿಸುವ ಕೆಲಸ ಬಂತು. ಒಂದು ವಾಹನದ ಅಂಗವನ್ನು ಮತ್ತೊಂದಕ್ಕೆ ಹೊಂದಿಸುವ ವಿದ್ಯೆ ನಮ್ಮ ಗ್ಯಾರೇಜುಗಳಿಗೆ ಹೊಸದಲ್ಲ.

ಘಟ್ಟದ ಲೆಕ್ಕ

ಅಮೆರಿಕದಲ್ಲಿ ಹಳೆಯ ಷೆವ್ರೊಲೆ ಲಾರಿಗಳನ್ನು ಇಟ್ಟುಕೊಂಡವರು ಈ ಮಾರ್ಪಾಡಿಗೆ ಕೈಹಾಕುವ ಕಾರಣವನ್ನು ಎರಡು ಅಂಕಿಗಳಲ್ಲಿ ತಿಳಿಯಬಹುದು. ಆ ಲಾರಿಗಳ ‘ಟರ್ಬೋ ಹೈಡ್ರಾಮ್ಯಾಟಿಕ್ 400’ ಎಂಬ ಸ್ವಯಂಚಾಲಿತ ಪೆಟ್ಟಿಗೆಯಲ್ಲಿ ಇರುವುದು ಮೂರು ವೇಗಗಳು. ಮೊದಲನೆಯದರಲ್ಲಿ ಇಂಜಿನು 2.48 ಸುತ್ತು ತಿರುಗಿದರೆ ಹಿಂದಿನ ಷಾಫ್ಟು ಒಂದು ಸುತ್ತು ತಿರುಗುತ್ತದೆ. ಅದೇ ಕಂಪೆನಿಯ ‘ಎಸ್.ಎಂ. 465’ ಎಂಬ ನಾಲ್ಕು ವೇಗಗಳ ಕೈಗಿಯರಿನಲ್ಲಿ ಈ ಪ್ರಮಾಣ 6.55. 

ಹತ್ತುವಾಗ ಸ್ವಯಂಚಾಲಿತ ಗಿಯರಿಗೆ ಎಣ್ಣೆಯ ನೆರವು ಉಂಟು. ಅದರ ಮುಂಭಾಗದ ‘ಟಾರ್ಕ್ ಕನ್ವರ್ಟರ್’ ಎಂಬ ಭಾಗದಲ್ಲಿ ಎಣ್ಣೆಯೇ ಶಕ್ತಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತ, ಹೊರಡುವ ಸಮಯದಲ್ಲಿ ಎಳೆತವನ್ನು ಸುಮಾರು ಎರಡು ಪಟ್ಟು ಹೆಚ್ಚಿಸಿಕೊಡುತ್ತದೆ. ಆದರೆ ಎಣ್ಣೆ ಜಾರಿದಷ್ಟೂ ಬಿಸಿಯೇರುತ್ತದೆ. ಭಾರದ ಲಾರಿ ದೀರ್ಘವಾದ ಏರನ್ನು ನಿಧಾನವಾಗಿ ಹತ್ತುವಾಗ ಈ ಬಿಸಿಯೇ ಪೆಟ್ಟಿಗೆಯ ಆಯುಷ್ಯವನ್ನು ತಿನ್ನುತ್ತದೆ. ಇಳಿಯುವಾಗ ಎಣ್ಣೆಯ ಆ ನೆರವೂ ಇಲ್ಲ. ಕೈಗಿಯರಿನ ಲಾರಿ ಮೊದಲ ಗಿಯರಿನಲ್ಲಿ ಇಳಿಯುವಾಗ ಚಕ್ರಗಳು ಇಂಜಿನನ್ನು ಬಲವಂತವಾಗಿ ತಿರುಗಿಸಬೇಕಾಗುತ್ತದೆ. ಆ ಶ್ರಮದಲ್ಲಿಯೇ ಅವುಗಳ ವೇಗ ಕುಗ್ಗುತ್ತದೆ. ಇದೇ ಇಂಜಿನಿನ ತಡೆ.

ಸಮುದ್ರಮಟ್ಟದ ಮಂಗಳೂರಿನಿಂದ ಸುಮಾರು 900 ಮೀಟರ್ ಎತ್ತರದ ಸಕಲೇಶಪುರಕ್ಕೆ ಶಿರಾಡಿ ಘಟ್ಟವನ್ನೇರಿ ಹೋಗುವ ಲಾರಿ ಮರಳಿ ಬರುವಾಗ ಅಷ್ಟೂ ಎತ್ತರವನ್ನು ಇಳಿಯಬೇಕು. ಉದ್ದಕ್ಕೂ ಬ್ರೇಕನ್ನೇ ಒತ್ತಿ ಹಿಡಿದರೆ ಅದು ಕಾದು, ಬೇಕಾದ ತಿರುವಿನಲ್ಲಿ ಹಿಡಿಯದೆ ಹೋಗುತ್ತದೆ. ಯಾವ ಗಿಯರಿನಲ್ಲಿ ಹತ್ತಬೇಕಾಗುವುದೋ ಅದೇ ಗಿಯರಿನಲ್ಲಿ ಇಳಿಯಬೇಕು ಎಂಬ ಚಾಲಕರ ಹಳೆಯ ನಿಯಮ ಹುಟ್ಟಿದ್ದು ಈ ಕಾರಣದಿಂದ. ಎರಡು ಲೀಟರು ಡೀಸೆಲ್ ಉಳಿಸುವ ಆಸೆಯಿಂದ ನ್ಯೂಟ್ರಲ್‌ನಲ್ಲಿ ಲಾರಿಯನ್ನು ಜಾರಬಿಡುವವನು ಆ ಉಳಿತಾಯಕ್ಕೆ ತನ್ನ ಪ್ರಾಣವನ್ನೂ ಕ್ಲೀನರನ ಪ್ರಾಣವನ್ನೂ ಎದುರು ಬರುವ ಸಂಸಾರದ ಪ್ರಾಣವನ್ನೂ ಪಣಕ್ಕಿಟ್ಟಂತೆಯೇ ಸರಿ. ಕೈಗಿಯರು ಕೊಡುವ ರಕ್ಷಣೆ ಅದನ್ನು ಬಳಸುವವನಿಗೆ ಮಾತ್ರ.

ಪೆಟ್ಟಿಗೆ ಒಂದೇ ಬದಲಾದರೆ ಸಾಲದು

ಒಂದು ಪೆಟ್ಟಿಗೆಯನ್ನು ಬಿಚ್ಚಿ ಇನ್ನೊಂದನ್ನು ಬಿಗಿದರೆ ಮುಗಿಯಿತೆಂದು ಭಾವಿಸಿದವನು ಅರ್ಧ ದಾರಿಯಲ್ಲಿ ಕೈಚೆಲ್ಲುತ್ತಾನೆ. ಸ್ವಯಂಚಾಲಿತ ವಾಹನದ ಇಂಜಿನಿನ ಹಿಂದೆ ಇರುವುದು ತೆಳುವಾದ ತಗಡಿನ ಚಕ್ರ. ಅದನ್ನು ತೆಗೆದು ಕ್ಲಚ್ಚು ಒರಗುವಂತಹ ಭಾರವಾದ ಫ್ಲೈವೀಲನ್ನು ಹಾಕಬೇಕು. ಕೆಲವು ಇಂಜಿನುಗಳಲ್ಲಿ ತೂಕದ ಸಮತೋಲದ ಒಂದು ಪಾಲು ಆ ಚಕ್ರದಲ್ಲಿಯೇ ಇರುವುದರಿಂದ, ಹೊಸದು ಅದಕ್ಕೆ ಸರಿಹೊಂದದಿದ್ದರೆ ಇಂಜಿನು ನಡುಗಿ ನಡುಗಿ ಬೇರಿಂಗುಗಳನ್ನು ಹಾಳುಮಾಡುತ್ತದೆ. ಕ್ರಾಂಕ್ ಷಾಫ್ಟಿನ ತುದಿಗೆ ಪೈಲಟ್ ಬೇರಿಂಗು, ಆಮೇಲೆ ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು, ಅವೆಲ್ಲವನ್ನೂ ಮುಚ್ಚುವ ಹೌಸಿಂಗು. ಹೌಸಿಂಗು ಕೂದಲೆಳೆಯಷ್ಟು ಓರೆಯಾದರೂ ಗಿಯರು ತಾನಾಗಿ ಜಾರಿ ಹೊರಬರಬಹುದು.

ಚಾಲಕನ ಕಾಲ ಬಳಿ ಇರುವ ಎರಡು ಪೆಡಲುಗಳು ಮೂರಾಗಬೇಕು. ಗಿಯರಿನ ದಂಡಕ್ಕೆ ನೆಲದ ತಗಡನ್ನು ಕೊರೆಯಬೇಕು. ಹೊಸ ಪೆಟ್ಟಿಗೆಯ ಉದ್ದ ಬೇರೆಯಾದುದರಿಂದ ಪ್ರೊಪೆಲ್ಲರ್ ಷಾಫ್ಟನ್ನು ಕತ್ತರಿಸಿಯೋ ಬೆಸೆದೋ ಸರಿಪಡಿಸಿ, ಮತ್ತೆ ಸಮತೂಕ ನೋಡಬೇಕು. ರೇಡಿಯೇಟರಿಗೆ ಹೋಗುತ್ತಿದ್ದ ಎಣ್ಣೆಯ ಕೊಳವೆಗಳನ್ನು ತೆಗೆದು ಬಾಯಿಗಳನ್ನು ಮುಚ್ಚಬೇಕು. ಗಿಯರಿನಲ್ಲಿದ್ದಾಗ ಸ್ಟಾರ್ಟರ್ ತಿರುಗದಂತೆ ತಡೆಯುವ ಸ್ವಿಚ್ಚು ಹಳೆಯ ಪೆಟ್ಟಿಗೆಯೊಡನೆ ಹೋಗುವುದರಿಂದ, ಆ ಕಾವಲನ್ನು ಕ್ಲಚ್ ಪೆಡಲಿಗೆ ಒಪ್ಪಿಸುವುದು ಜಾಣತನ. ನಿಂತ ವಾಹನವನ್ನು ಒಳಗಿನಿಂದಲೇ ಹಿಡಿದಿಡುವ ‘ಪಾರ್ಕ್’ ಬೀಗವೂ ಇನ್ನಿಲ್ಲ, ಕೈಬ್ರೇಕು ಬಿಗಿಯಾಗಿರಲೇಬೇಕು. ಇವೆಲ್ಲವನ್ನೂ ಬಿಡಿಬಿಡಿಯಾಗಿ ಹುಡುಕುವುದಕ್ಕಿಂತ, ಅದೇ ಜಾತಿಯ ಕೈಗಿಯರಿನ ಹಳೆಯ ಲಾರಿಯೊಂದನ್ನು ಗುಜರಿಯಲ್ಲಿ ಹಿಡಿದು, ಅದರ ಸಾಮಾನನ್ನು ಒಟ್ಟಾಗಿ ತರುವುದೇ ಅನುಭವಸ್ಥರ ಮಾರ್ಗ. ಕಂಪ್ಯೂಟರಿನ ಆಜ್ಞೆಯಂತೆ ನಡೆಯುವ ಈಚಿನ ವಾಹನಗಳಲ್ಲಿ ಈ ಕೆಲಸ ಇನ್ನೂ ಜಟಿಲ.

ಕಾಯಿದೆಯ ಮಾತು

ನಮ್ಮ ದೇಶದಲ್ಲಿ ಮೇಸ್ತ್ರಿಯ ಒಪ್ಪಿಗೆಗಿಂತ ಮೊದಲು ಕಾಯಿದೆಯ ಒಪ್ಪಿಗೆ ಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ತಯಾರಕರು ಹೇಳಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಲು ಮಾಲೀಕನಿಗೆ ಮನಬಂದಂತೆ ಅವಕಾಶ ಕೊಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ, ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಎಂಟು ವರ್ಷ ಮೀರಿದ ಲಾರಿ ಪ್ರತಿವರ್ಷವೂ ಅರ್ಹತಾಪತ್ರ ಪಡೆಯಬೇಕಾದುದರಿಂದ ಯಾವ ಮಾರ್ಪಾಡೂ ಬಹುಕಾಲ ಗುಟ್ಟಾಗಿ ಉಳಿಯದು. ಅಪಘಾತವಾದರೆ ವಿಮಾ ಕಂಪೆನಿ ಮೊದಲು ಕೇಳುವುದೂ ಅದನ್ನೇ. ಸಾರಿಗೆ ಕಛೇರಿಯ ಅನುಮತಿಯನ್ನು ಬರೆವಣಿಗೆಯಲ್ಲಿ ಪಡೆದ ನಂತರವೇ ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವುದು ಕ್ಷೇಮ.

ಇತ್ತ ಕಾಲವೂ ತಿರುಗುತ್ತಿದೆ. ಬೆಂಗಳೂರಿನಲ್ಲಿ 2006ರ ಹೊತ್ತಿಗೆ ಓಡತೊಡಗಿದ ವೋಲ್ವೋ ನಗರ ಬಸ್ಸುಗಳಲ್ಲಿ ಚಾಲಕನ ಎಡಗಾಲಿಗೆ ಕೆಲಸವಿರಲಿಲ್ಲ. ಕ್ಲಚ್ಚನ್ನೂ ಗಿಯರನ್ನೂ ಯಂತ್ರವೇ ನೋಡಿಕೊಳ್ಳುವ ಲಾರಿಗಳು ಭಾರತದಲ್ಲಿಯೂ ತಯಾರಾಗುತ್ತಿವೆ. ಗಂಟೆಗಟ್ಟಲೆ ವಾಹನಗಳ ಸಾಲಿನಲ್ಲಿ ಕ್ಲಚ್ ಒತ್ತಿ ಒತ್ತಿ ಮೊಣಕಾಲು ನೋಯಿಸಿಕೊಂಡವರಿಗೆ ಇದು ವರವೇ. ಹಳೆಯ ಲಾರಿಯ ಮಾಲೀಕನಾದರೋ ಗಿಯರಿಗೆ ಹಣ ಸುರಿಯುವ ಮುನ್ನ ಬ್ರೇಕು, ಟೈರು, ಸ್ಟಿಯರಿಂಗುಗಳನ್ನು ಒಮ್ಮೆ ಪರೀಕ್ಷಿಸಿಕೊಳ್ಳುವುದು ಮೇಲು. ಕೊಟ್ಟಾರವನ್ನು ದಾಟಿ ಘಟ್ಟಕ್ಕೆ ಹೊರಟ ಲಾರಿಯ ಹಾದಿಯನ್ನು ಮನೆಯಲ್ಲಿ ಕಾಯುವವರಿಗೆ ಅದರ ಗಿಯರು ಯಾವ ಬಗೆಯದೆಂಬುದು ಮುಖ್ಯವಲ್ಲ. ಅದು ಕ್ಷೇಮವಾಗಿ ಇಳಿದು ಬಂದರೆ ಸಾಕು.