ಊರ ಮನೆಯ ಬೀಗ ತೆಗೆಯುವ ದಿನಗಳು

ಮುಂಬಯಿ: ಮಕ್ಕಳ ಪರೀಕ್ಷೆ ಮುಗಿದು ಮೇ ತಿಂಗಳು ಹತ್ತಿರವಾಯಿತೆಂದರೆ ಮಹಾನಗರದ ತುಳು-ಕನ್ನಡಿಗರ ಮನೆಗಳಲ್ಲಿ ಊರಿನ ಮಾತೇ ಮಾತು. ಹಿಂದೆ ಘಟ್ಟದ ದಾರಿಯಲ್ಲಿ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಊರು ಸೇರಬೇಕಿತ್ತು. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಂಡ ಬಳಿಕ ಮಧ್ಯಾಹ್ನ ಮತ್ಸ್ಯಗಂಧ ಹತ್ತಿದರೆ ಮರುದಿನ ಬೆಳಗ್ಗೆ ಉಡುಪಿ. ಪ್ರಯಾಣವೇನೋ ಸುಲಭವಾಯಿತು, ಊರ ಮನೆಯ ಬಾಗಿಲು ತೆರೆದಿರುವ ದಿನಗಳು ಮಾತ್ರ ಕಡಿಮೆಯಾದವು.

ಹಿರಿಯರು ತೀರಿಕೊಂಡ ಮೇಲೆ ಎಷ್ಟೋ ಮನೆಗಳ ಬೀಗದ ಕೈ ನೆರೆಮನೆಯವರಲ್ಲಿದೆ. ವರ್ಷಕ್ಕೊಮ್ಮೆ ಬಾಗಿಲು ತೆಗೆದು, ಜೇಡರಬಲೆ ಗುಡಿಸಿ, ಬಾವಿಯಿಂದ ನೀರು ಸೇದಿದಾಗಲೇ ಮನೆಗೆ ಜೀವ. ಅಣ್ಣ ಅಂಧೇರಿಯಿಂದ, ತಂಗಿ ಪುಣೆಯಿಂದ, ತಮ್ಮ ದುಬಾಯಿಯಿಂದ ಬಂದು ಸೇರುತ್ತಾರೆ. ಚಾವಡಿಯಲ್ಲಿ ಸಾಲಾಗಿ ಚಾಪೆ ಹಾಸಲಾಗುತ್ತದೆ. ಸುದ್ದಿ ತಿಳಿದ ಬಾಲ್ಯದ ಗೆಳೆಯ ಚೀಲ ತುಂಬ ಮಾವಿನ ಹಣ್ಣು ಹೊತ್ತು ಬರುತ್ತಾನೆ. ಶಾಲೆಯಲ್ಲಿ ತಿಂದ ಪೆಟ್ಟುಗಳ ನೆನಪಿಗೆ ನಡುರಾತ್ರಿಯವರೆಗೂ ನಗು.

ಮನೆ ಮಾರುವ ಮಾತೂ ಇದೇ ಚಾವಡಿಯಲ್ಲಿ ಏಳುತ್ತದೆ. ಹಂಚು ಒಡೆದು ಸೋರಿದರೆ ಮಳೆಗಾಲದಲ್ಲಿ ಪಕ್ಕಾಸು ಕುಂಬಾಗುತ್ತದೆ, ಮಣ್ಣಿನ ಗೋಡೆ ಕರಗುತ್ತದೆ. ದುರಸ್ತಿಯ ಖರ್ಚು ಯಾರದು? ಉತ್ತರ ಸಿಗುವ ಮೊದಲೇ ಪತ್ತನಾಜೆ ಬಂದಿರುತ್ತದೆ. ಬೇಶ ತಿಂಗಳ ಆ ಹತ್ತನೇ ದಿನದೊಂದಿಗೆ ಕೋಲ, ಬಯಲಾಟಗಳಿಗೆ ವಿರಾಮ. ಮಳೆ ಹತ್ತಿರ, ಹಿಂದಿರುಗುವ ದಿನವೂ ಹತ್ತಿರ.

ಬೀಗ ಹಾಕುವಾಗ "ಮುಂದಿನ ವರ್ಷ ಯಾವಾಗ ಬರುವುದು?" ಎಂದು ಮಕ್ಕಳು ಕೇಳುತ್ತಾರೆ. ಒಡೆದ ಹಂಚನ್ನು ಮುಂಬಯಿಯಿಂದ ಹಣ ಕಳುಹಿಸಿಯೂ ಬದಲಿಸಬಹುದು. ಒಡಹುಟ್ಟಿದವರೊಂದಿಗೆ ಚಾವಡಿಯಲ್ಲಿ ಕುಳಿತು ಗಂಜಿ ಉಣ್ಣಬೇಕಾದರೆ ತಾವೇ ಹೋಗಬೇಕು.