ಹಿಡಿಯಲೂ ಬೇಕು, ಬಿಡಲೂ ಬೇಕು

ಕುಂಬಳೆ ಎಂದರೆ ಹೊರಗಿನವರಿಗೆ ನೆನಪಾಗುವುದು ಒಬ್ಬ ಲೆಗ್‌ಸ್ಪಿನ್ನರ್. ಯಕ್ಷಗಾನ ಬಲ್ಲವರಿಗೆ ಪಾರ್ತಿಸುಬ್ಬ. ಪಡುವಣ ದಿಕ್ಕಿನ ಕೋಯಿಪ್ಪಾಡಿ ಕಡಪ್ಪುರವನ್ನು ಯಾರೂ ನೆನೆಯುವುದಿಲ್ಲ. ಅಲ್ಲಿಯ ನಾಡದೋಣಿಗಳನ್ನು ನೋಡಲು ಹೋದವನ ಕಣ್ಣು ನೆಟ್ಟದ್ದು ದೋಣಿಯ ಮೇಲಲ್ಲ, ದೋಣಿ ನಡೆಸುವ ಹಿರಿಯ ತಾಂಡೇಲರೊಬ್ಬರ ಕೈಯಲ್ಲಿದ್ದ ತೆಳ್ಳನೆಯ ಬಲೆನೂಲಿನ ಮೇಲೆ.

ಅವರು ಲಂಗರಿಗೆ ಹಗ್ಗ ಕಟ್ಟುತ್ತಿದ್ದರು. ಲಂಗರು ಎಂದರೆ ಚಿತ್ರದಲ್ಲಿ ಕಾಣುವ ಘನಗಾತ್ರದ್ದಲ್ಲ. ನಾಲ್ಕು ಕಬ್ಬಿಣದ ಸರಳು ಬಗ್ಗಿಸಿ ವೆಲ್ಡಿಂಗ್ ಅಂಗಡಿಯಲ್ಲಿ ಬೆಸೆದದ್ದು. ಬಾವಿಗೆ ಬಿದ್ದ ಕೊಡಪಾನ ಎತ್ತುವ ಪಾತಾಳಗರಡಿಯ ಅಣ್ಣನಂತಿತ್ತು. ಮೇಲ್ತುದಿಯಲ್ಲಿ ಬಳೆ ಇದೆ, ಹಗ್ಗ ಅಲ್ಲಿಗೆ ಕಟ್ಟಬೇಕಲ್ಲ? ಅವರು ಕಟ್ಟಿದ್ದು ತಳದಲ್ಲಿ, ಕೊಕ್ಕೆಗಳು ಕೂಡುವ ಬುಡಕ್ಕೆ. ಅಲ್ಲಿಂದ ಹಗ್ಗವನ್ನು ದಂಡದ ಉದ್ದಕ್ಕೂ ಮೇಲೆ ತಂದು, ಬಳೆಗೆ ಬರೀ ನೂಲಿನಿಂದ ನಾಲ್ಕು ಸುತ್ತು ಬಿಗಿದರು.

“ಇದು ತುಂಡಾಗುವುದಿಲ್ಲವಾ?” ಎಂದೆ.

“ತುಂಡಾಗಲಿಕ್ಕೇ ಕಟ್ಟುವುದು ಮಾರಾಯ್ರೆ!”

ಯುಕ್ತಿ ಇಷ್ಟೆ. ದೋಣಿ ದೂರದಿಂದ ಓರೆಯಾಗಿ ಎಳೆಯುವಾಗ ನೂಲಿನ ಮೇಲೆ ಬೀಳುವ ಒತ್ತಡ ಸಾಧಾರಣದ್ದು, ಲಂಗರು ನೆಲ ಕಚ್ಚಿ ಕೂರುತ್ತದೆ. ಕೊಕ್ಕೆ ಕಲ್ಲಿನ ಸಂದಿಗೆ ಸಿಕ್ಕಿಕೊಂಡಿತೆನ್ನಿ. ದೋಣಿಯನ್ನು ಅದರ ನೆತ್ತಿಯ ಮೇಲೆ ತಂದು ನೆಟ್ಟಗೆ ಮೇಲಕ್ಕೆ ಜಗ್ಗಿದರೆ ನೂಲು ಕಡಿಯುತ್ತದೆ. ಆಗ ಎಳೆತ ಬುಡಕ್ಕೆ ಹೋಗಿ, ಲಂಗರು ಹಿಂದುಮುಂದಾಗಿ ಕಳಚಿ ಬರುತ್ತದೆ. ಸರಳು ಮೆದು ಕಬ್ಬಿಣದ್ದಾದರೆ ಇನ್ನೂ ಒಂದು ಅನುಕೂಲ: ಬಲವಾಗಿ ಜಗ್ಗಿದಾಗ ಕೊಕ್ಕೆ ನೆಟ್ಟಗಾಗಿ ಬಿಟ್ಟುಕೊಡುತ್ತದೆ, ದಡಕ್ಕೆ ಬಂದು ಮತ್ತೆ ಬಗ್ಗಿಸಿದರಾಯಿತು. ಆದರೆ ರಾತ್ರಿ ದೋಣಿಯನ್ನು ನೀರಲ್ಲೇ ಬಿಟ್ಟು ಮನೆಗೆ ಬರುವಾಗ ಈ ನೂಲಿನ ಕಟ್ಟು ಕೂಡದು. ಗಾಳಿ ದಿಕ್ಕು ಬದಲಿಸಿದರೆ ನೂಲು ತಾನಾಗಿಯೇ ಹರಿದೀತು. ಆಗ ಹಗ್ಗ ಬಳೆಗೇ. ಸಿಕ್ಕಿಕೊಂಡರೆ ಎಳೆದು ಬಿಡಿಸಲೆಂದು ಬುಡಕ್ಕೆ ಬೇರೊಂದು ಸಣ್ಣ ಹಗ್ಗ ಕಟ್ಟಿ, ಅದರ ತುದಿಗೆ ಬೆಂಡು ತೇಲಿಬಿಡುವವರೂ ಇದ್ದಾರೆ.

ಲಂಗರು ಭಾರದಿಂದ ದೋಣಿಯನ್ನು ಹಿಡಿಯುತ್ತದೆ ಎಂದು ನಾವು ದಡದವರು ತಿಳಿದಿರುತ್ತೇವೆ. ಆರೇಳು ಮೀಟರ್ ದೋಣಿಗೆ ಐದಾರು ಕಿಲೋ ಕಬ್ಬಿಣ ಯಾವ ಭಾರ? ಹಿಡಿಯುವುದು ಕೊಕ್ಕೆ, ಕೊಕ್ಕೆ ಹಿಡಿಯಬೇಕಾದರೆ ಎಳೆತ ನೆಲಕ್ಕೆ ಸಮನಾಗಿರಬೇಕು. ಅದಕ್ಕೇ ಹಗ್ಗ ಧಾರಾಳವಾಗಿ ಬಿಡುವುದು. ಆಳ ಐದು ಮಾರು ಇದ್ದರೆ ಹಗ್ಗ ಇಪ್ಪತ್ತೈದು ಮಾರು, ಗಾಳಿ ಜೋರಿದ್ದರೆ ಮೂವತ್ತೈದು. ಅಣಿಯದಿಂದ, ಅಂದರೆ ದೋಣಿಯ ಮುಂತುದಿಯಿಂದ, ನೀರಿಗಿರುವ ಎತ್ತರವನ್ನೂ ಭರತದಲ್ಲಿ ಏರುವ ನೀರನ್ನೂ ಆಳಕ್ಕೆ ಸೇರಿಸಿಯೇ ಲೆಕ್ಕ. ಲಂಗರಿಗೂ ಹಗ್ಗಕ್ಕೂ ನಡುವೆ ಎರಡು ಮೂರು ಮಾರು ಸರಪಳಿ ಇದ್ದರೆ ಅದು ನೆಲದ ಮೇಲೆ ಮಲಗಿ ದಂಡವನ್ನು ಕೆಳಗೇ ಇಡುತ್ತದೆ, ಕಲ್ಲಿಗೆ ಉಜ್ಜಿ ಹಗ್ಗ ಸವೆಯುವುದೂ ತಪ್ಪುತ್ತದೆ. ಹಗ್ಗ ನೈಲಾನಿನದ್ದಾದರೆ ಲೇಸು, ಅಲೆಯ ಹೊಡೆತಕ್ಕೆ ಹಿಗ್ಗಿ ತಾಳಿಕೊಳ್ಳುತ್ತದೆ. ಅಗ್ಗಕ್ಕೆ ಸಿಗುವ ಪಾಲಿಪ್ರೊಪಿಲಿನ್ ತೇಲುತ್ತದೆ, ಸಡಿಲವಾದರೆ ಎಂಜಿನ್ ಫ್ಯಾನಿಗೆ ಸುತ್ತಿಕೊಳ್ಳುತ್ತದೆ, ಬಿಸಿಲಿಗೆ ಬೇಗ ಜೀರ್ಣವಾಗುತ್ತದೆ.

ನಾಲ್ಕು ಕೊಕ್ಕೆಯದ್ದು ಕಲ್ಲುನೆಲಕ್ಕೆ ಸರಿ, ಕೆಸರಿನಲ್ಲಿ ಬೆಣ್ಣೆಗೆ ಚುಚ್ಚಿದ ಕಡ್ಡಿ. ಮರಳು, ಕೆಸರಿಗೆ ಅಗಲ ಅಲಗಿನದ್ದೇ ಬೇಕು. 1933ರಲ್ಲಿ ನೇಗಿಲಿನಾಕಾರದ ಲಂಗರನ್ನು ರೂಪಿಸಿದ್ದು ಜಿ. ಐ. ಟೇಲರ್ ಎಂಬ ಬ್ರಿಟಿಷ್ ಗಣಿತಜ್ಞ. ನೇಗಿಲು ಕಂಡವರಿಗೆ ಅದು ಹೊಸ ಸಂಗತಿ ಅನ್ನಿಸದಿರಬಹುದು!

ಚರಿತ್ರೆಯಲ್ಲಿ ನನಗೆ ಬೇಕಾದದ್ದು ಒಂದೇ ಸಾಲು. 16ನೇ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಬಾರ್ಬೋಸ, ಕುಂಬಳೆಯಿಂದ ಮಾಲ್ದೀವ್ಸಿಗೆ ಅಕ್ಕಿ ಹೋಗಿ ಅಲ್ಲಿಂದ ತೆಂಗಿನ ನಾರು ಬರುತ್ತಿತ್ತೆಂದು ಬರೆದಿದ್ದಾನೆ. ನಾರಿನ ಹಗ್ಗ ಉಪ್ಪುನೀರಿಗೆ ಬೇಗ ಕೊಳೆಯುವುದಿಲ್ಲ, ಎಳೆದರೆ ಹಿಗ್ಗುತ್ತದೆ. ನೈಲಾನ್ ಮಾಡುವ ಕೆಲಸವನ್ನು ಅದು ಆಗಲೇ ಮಾಡುತ್ತಿತ್ತು. ತೆಂಗಿನ ನಾಡಿಗೇ ನಾರು ತರಿಸಿಕೊಂಡ ಕುಂಬಳೆಯವರು ಹಗ್ಗದ ವಿಷಯದಲ್ಲಿ ಸುಮ್ಮನೆ ಒಪ್ಪುವವರಾಗಿರಲಿಲ್ಲ ಎಂದು ನನ್ನ ಊಹೆ. ಆ ಕಾಲದ ಲಂಗರು ಕಲ್ಲಿನದ್ದು: ಉದ್ದನೆಯ ಕಲ್ಲುಕಂಬ, ಮೇಲೆ ಹಗ್ಗಕ್ಕೊಂದು ತೂತು, ಕೆಳಗೆ ಮರದ ಗೂಟ ತೂರಿಸಲು ಚೌಕ ತೂತುಗಳು. ಅಂಥವು ಪಶ್ಚಿಮ ಕರಾವಳಿಯ ಹಲವೆಡೆ ಸಿಕ್ಕಿವೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿದ್ದಾರೆ.

ಈಗಿನ ಕಷ್ಟ ಬೇರೆ. ಕುಂಬಳೆ ಇರುವ ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ. ನಾಡದೋಣಿಗೆ ಆ ನಿಷೇಧವಿಲ್ಲ. ದೊಡ್ಡ ಬೋಟುಗಳು ಬಂದರಿನಲ್ಲಿ ಬೆಚ್ಚಗಿರುವಾಗ ಕಡಲಿಗಿಳಿಯುವುದು ಈ ಸಣ್ಣವೇ. ಪಡುಗಾಳಿಯ ಹೊತ್ತಿನಲ್ಲಿ ಎಂಜಿನ್ ಕೈಕೊಟ್ಟರೆ ದೋಣಿ ನೇರ ಅಬ್ಬರದ ಅಲೆಗಳತ್ತ, ದಡದತ್ತ ಸರಿಯುತ್ತದೆ. ಆಗ ಉಳಿಯುವ ಬ್ರೇಕು ಲಂಗರೊಂದೇ.

ತಾಂಡೇಲರು ಹಗ್ಗದ ತುದಿಯ ಕುಣಿಕೆಯನ್ನು ಗಂಟು ಹಾಕದೆ, ಎಳೆ ಬಿಚ್ಚಿ ಎಳೆಯೊಳಗೆ ಹೆಣೆದು ಮಾಡುತ್ತಾರೆ. ಗಂಟಿನಲ್ಲಿ ಹಗ್ಗದ ಬಲ ಬಹಳಷ್ಟು ಕುಗ್ಗುತ್ತದಂತೆ. ಅವರ ಮಗ ಕೊಲ್ಲಿಯಲ್ಲಿದ್ದಾನೆ. ಹೆಣಿಗೆ ಕಲಿಯಲು ಯಾರೂ ಕೇಳಿ ಬಂದಿಲ್ಲ. ಬಲೆಗೂ ಎಂಜಿನ್ನಿಗೂ ಸಾಲ ಒದಗಿಸುವ ಮತ್ಸ್ಯಫೆಡ್ ಮತ್ತು ಊರಿನ ಮೀನುಗಾರರ ಸಂಘಗಳು ಮಳೆಗಾಲಕ್ಕೆ ಮುನ್ನ ಇಂಥ ಹಿರಿಯರನ್ನು ಕೂರಿಸಿ ಹುಡುಗರಿಗೆ ಹೇಳಿಕೊಡಿಸಬೇಕು. ದೋಣಿ ಇರುವವರು ಅಲ್ಲಿಯವರೆಗೆ ಕಾಯುವುದು ಬೇಡ. ಈ ವಾರವೇ ಸರಪಳಿಯನ್ನು ಲಂಗರಿಗೆ ಸೇರಿಸುವ ಶ್ಯಾಕಲ್ ನೋಡಿ, ಪಿನ್ನು ಸಡಿಲಿದ್ದರೆ ಬಿಗಿದು ತಂತಿ ಸುತ್ತಿ.